ಮಾಮಾನ ಹುರುಪು, ಅಕ್ಕನ ಗೇರ್ ಬಾಕ್ಸು

ಇವತ್ತು ಬೆಳಿಗ್ಗೆ ಶಿಗ್ಗಾವಿಯ ನನ್ನ ಮನೆಯಲ್ಲಿ ಒಗ್ಗರಣೆಯ ಎಣ್ಣೆಯನ್ನು ಒಲೆಯ ಮೇಲೆ ಮರೆತು ಪೇಪರ್ ಓದುತ್ತ ಕೂತಿದ್ದೆ. ಸುಟ್ಟ ಎಣ್ಣೆಯ ಘಾಟು ಮೂಗಿಗೆ ಬಡಿದಾಗ ನೆನಪಾದದ್ದು ಅಡುಗೆಯಲ್ಲ. ಮಾಸೂರಿನ ಹತ್ತಿರದ ಒಂದು ಏರು, ಅಲ್ಲಿ ನಿಂತ ಪಿಕಪ್ ಗಾಡಿ, ಗಾಡಿಯ ಹಿಂಭಾಗದಲ್ಲಿ ಒಂದು ಹೋರಿ. ಆ ದಿನದ ವಾಸನೆ ಇದೇ ಆಗಿತ್ತೇ? ಖಾತ್ರಿ ಇಲ್ಲ. ನನ್ನ ಮೂಗಿನ ಸಾಕ್ಷಿಯನ್ನು ನಾನೇ ಪೂರ್ತಿ ನಂಬುವುದಿಲ್ಲ; ನೀವೂ ಸ್ವಲ್ಪ ಹುಷಾರಾಗಿಯೇ ಓದಿ.

ಗಾಡಿ ದುಂಡಸಿಯಲ್ಲಿರುವ ನನ್ನ ಅಕ್ಕನದು. ಬಾವಿಯ ಮೆಟ್ಟಿಲ ಮೇಲೆ ಜಾರಿ ಬಿದ್ದಂದಿನಿಂದ ಅವಳ ಎಡ ಮೊಣಕಾಲು ಸರಿಯಾಗಿ ಮಡಚುವುದಿಲ್ಲ. ಕ್ಲಚ್ ತುಳಿಯುವ ಮಾತೇ ಇಲ್ಲ. ಅದಕ್ಕಾಗಿಯೇ ತಾನೇ ಗೇರ್ ಬದಲಿಸಿಕೊಳ್ಳುವ ಡೀಸೆಲ್ ಪಿಕಪ್ ಒಂದನ್ನು ಮನೆಯವರು ಹುಡುಕಿ ತಂದಿದ್ದರು. ಐವತ್ತು ದಾಟಿದ ಮೇಲೆ ಅವಳು ಓಡಿಸಲು ಕಲಿತಳು. ಹೊಲಕ್ಕೆ, ಶಿಗ್ಗಾವಿಯ ಸಂತೆಗೆ, ವೀಳ್ಯದೆಲೆ ತರಲು ಸವಣೂರಿಗೆ, ಹೀಗೆ ಯಾರನ್ನೂ ಕೇಳದೆ ಹೋಗಿಬರುವುದು ಅವಳಿಗೆ ಎಂಥ ಸುಖವಾಗಿತ್ತೆಂದರೆ, ಮನೆಯಲ್ಲಿ ಉಪ್ಪು ಇದ್ದರೂ ಉಪ್ಪು ತರಲು ಹೊರಡುತ್ತಿದ್ದಳು.

ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅವರಿಗೆ ಹೋರಿಯ ಹುಚ್ಚು. ದೀಪಾವಳಿ ಕಳೆದ ಮೇಲೆ ನಮ್ಮ ಊರುಗಳಲ್ಲಿ ಹೋರಿಗೆ ಒಣಕೊಬ್ಬರಿಯ ಹಾರ ಕಟ್ಟಿ ಜನರ ನಡುವೆ ಓಡಿಸುತ್ತಾರೆ; ಕೊಬ್ಬರಿ ಯಾರ ಕೈಗೂ ಸಿಗದಂತೆ ಹಾಯ್ದುಹೋದ ಹೋರಿ ಗೆದ್ದಂತೆ. ಮಾಮಾನ ಹೋರಿಯ ಹೆಸರು ಸರದಾರ. ಸರದಾರನನ್ನು ಹೇರಿಕೊಂಡು ಏರು ಹತ್ತುವಾಗ ಗಾಡಿ ಮುಲುಕುತ್ತದೆ ಎಂಬುದು ಅವರ ತಕರಾರು. ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಒಯ್ದು, ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ನಿನ ಜೋರು ಹೆಚ್ಚಿಸಿಕೊಂಡು ಬಂದರು.

ಮಾಮಾ ತಾವೇ ಹಟ ಹಿಡಿದು ಮಾಡಿಸಿದರು ಎಂದು ನಾನು ಬಹಳ ದಿನ ಹೇಳಿಕೊಂಡು ಬಂದೆ. ನಂಬಿಕೊಂಡೂ ಬಂದೆ. ಹೋದ ತಿಂಗಳು ಹಳೆಯ ದಿನಚರಿ ತಿರುವಿದಾಗ ನನ್ನದೇ ಅಕ್ಷರದಲ್ಲಿ ಹೀಗಿತ್ತು: "ಮಾಮಾನಿಗೆ ಧೈರ್ಯ ಹೇಳಿದೆ. ಜೋರು ಹೆಚ್ಚುವುದು ಎಂಜಿನ್ನಿಗೆ, ಉಳಿದದ್ದಕ್ಕೆ ಏನೂ ಆಗುವುದಿಲ್ಲ." ಎಂ.ಎ. ಮಾಡಿದವನ ಮಾತಿಗೆ ನಮ್ಮ ಮನೆಯಲ್ಲಿ ಎಷ್ಟು ಬೆಲೆ ನೋಡಿ. ನಾನು ಓದಿದ್ದು ಇತಿಹಾಸ.

ಆ ವರ್ಷ ಹೋರಿಯನ್ನು ಹಿರೇಕೆರೂರಿನ ಆಚೆ ಮಾಸೂರಿಗೆ ಒಯ್ದೆವು. ಮಾಮಾ ಓಡಿಸುತ್ತಿದ್ದರು, ಪಕ್ಕದಲ್ಲಿ ಅಕ್ಕ, ಹಿಂದಿನ ಸೀಟಿನಲ್ಲಿ ನಾನು. ಸಪಾಟ ರಸ್ತೆಯಲ್ಲಿ ಗಾಡಿ ಹಾರಿತು. ಊರ ಹತ್ತಿರದ ಏರಿನಲ್ಲಿ ಹೋರಿ ಹೇರಿದ ಗಾಡಿಗಳ ಸಾಲು. ಎರಡು ಮಾರು ಮುಂದಕ್ಕೆ, ಮತ್ತೆ ನಿಲ್ಲು. ಮಾಮಾ ಬ್ರೇಕ್ ಮುಟ್ಟಲಿಲ್ಲ. ಬ್ರೇಕ್ ಹಿಡಿದು ಬಿಟ್ಟಾಗಲೆಲ್ಲ ಸರದಾರ ಜೋಲಿ ಹೊಡೆಯುತ್ತಾನೆ, ಓಡುವ ಮೊದಲೇ ಕಾಲು ಉಳುಕೀತು ಎಂಬ ಚಿಂತೆ ಅವರಿಗೆ. ಎಕ್ಸಲರೇಟರನ್ನೇ ಹದವಾಗಿ ಒತ್ತಿ, ಗಾಡಿ ಹಿಂದೆ ಜಾರದಂತೆ, ಮುಂದೆಯೂ ಹೋಗದಂತೆ ತೂಗಿ ಹಿಡಿದರು. ಸುಮಾರು ಅರ್ಧ ತಾಸು.

"ಏನ ವಾಸನೀರಿ ಇದು?" ಎಂದಳು ಅಕ್ಕ.

"ಮುಂದಿನ ಗಾಡೀದು," ಎಂದರು ಮಾಮಾ.

ಮುಂದಿನ ಗಾಡಿ ಹೋಯಿತು. ವಾಸನೆ ಉಳಿಯಿತು. ಮಾಮಾ ಎಕ್ಸಲರೇಟರ್ ತುಳಿದರೆ ಎಂಜಿನ್ ಅಬ್ಬರಿಸಿತೇ ಹೊರತು ಗಾಡಿ ಕದಲಲಿಲ್ಲ. ಹಿಂದಿನಿಂದ ಯಾರೋ ಕೂಗಿದರು: "ಗೌಡ್ರ, ಹೋರಿ ಇಳಿಸಿ ಗಾಡೀಗಿ ಕಟ್ರಿ!"

ಸರದಾರ ನಡೆದೇ ಹೋದ. ಅವತ್ತು ಗೆದ್ದನೋ ಇಲ್ಲವೋ ನನ್ನ ದಿನಚರಿ ಹೇಳುವುದಿಲ್ಲ. ಗೆದ್ದ ಎಂದು ಮಾಮಾ ಹೇಳುತ್ತಾರೆ. ದಿನಚರಿಯಲ್ಲಿರುವುದು ಅಕ್ಕನ ಒಂದೇ ಮಾತು: "ಈ ಗಾಡಿ ಹೋತಂದ್ರ ನಾ ಮತ್ತ ಕಟ್ಟಿ ಮ್ಯಾಲ ಕುಂಡ್ರಾಕಿ."

ಆರಿದ ಮೇಲೆ ಗಾಡಿ ತೆವಳುತ್ತ ಶಿಗ್ಗಾವಿಗೆ ಬಂತು. ನಮ್ಮ ಊರಿನ ಹಳೆಯ ಮಿಸ್ತ್ರಿ ಖಾದರಸಾಬರು ಗೇರ್ ಬಾಕ್ಸಿನ ಆಯಿಲನ್ನು ಒಂದು ಬಿಳಿ ಅರಿವೆಯ ಮೇಲೆ ಹನಿಸಿದರು. ಕೆಂಪಗಿರಬೇಕಾದದ್ದು ಕಷಾಯದಂತಿತ್ತು.

"ಗೌಡ್ರ, ಹೋರಿ ಮೇಯಿಸಿ ಮೇಯಿಸಿ ಆನಿ ಮಾಡೀರಿ. ಹಗ್ಗ ಮಾತ್ರ ಅದು ಕರ ಇದ್ದಾಗಿಂದು. ಹರೀದ ಏನ ಮಾಡೀತು?"

"ಅಂದ್ರ ಗೇರ್ ಬಾಕ್ಸ್ ಹೋತೇನ್ರಿ ಸಾಬ್ರ?" ಅಕ್ಕನ ದನಿ ಸಣ್ಣದಾಗಿತ್ತು.

"ಇನ್ನಾ ಹೋಗಿಲ್ಲ ಅಕ್ಕಾರ. ಹೋಗಾಕ ಚಪ್ಪಲ್ ಹಾಕ್ಕೊಂಡೈತಿ."

ಅವರು ಆಯಿಲ್ ಬದಲಿಸಿದರು, ಆಯಿಲ್ ತಣಿಸುವ ದೊಡ್ಡ ಕೂಲರ್ ಕೂರಿಸಿದರು, ಅದರ ಬಿಸಿ ತೋರಿಸುವ ಮೀಟರ್ ಒಂದನ್ನು ಸ್ಟೇರಿಂಗಿನ ಎದುರಿಗೆ ಹಚ್ಚಿದರು. ಹೆಚ್ಚಿಸಿದ ಜೋರನ್ನು ಹುಬ್ಬಳ್ಳಿಯಲ್ಲಿ ಅರ್ಧಕ್ಕೆ ಇಳಿಸಿಕೊಂಡು ಬರಲು ಹೇಳಿದರು. "ಗಾಡಿ ಎದ್ದೇಳೂಮುಂದ ಜೋರ ಬ್ಯಾಡ, ಓಟ ಹಿಡದ ಮ್ಯಾಲ ಇರಲಿ. ಏರಿನ್ಯಾಗ ನಿಲ್ಲಬೇಕಂದ್ರ ಬ್ರೇಕ್ ಹಿಡೀರಿ, ಎಕ್ಸಲರೇಟರ್ ಒತ್ತಿ ನಿಂತ್ರ ಗೇರ್ ಬಾಕ್ಸಿನ ಆಯಿಲ್ ಸುಡತೈತಿ. ಮೀಟರಿನ ಮುಳ್ಳ ಏರಾಕತ್ತಿತಂದ್ರ ಬಾಜೂಕ ಹಚ್ಚಿ, ಎಂಜಿನ್ ಚಾಲೂ ಇಟ್ಟ ಆರಸ್ರಿ."

"ಮತ್ತ ಹೋರಿ?" ಎಂದರು ಮಾಮಾ.

"ಹೋರಿ ಕಾಲಾಗ ಉಸುಕ ಹಾಸ್ರಿ. ಅಲ್ರೀ, ಎಂಜಿನ್ ಒಂದ ಹೆಚ್ಚ ಮಾಡಿದ್ರ ಏನೂ ಆಗೂದಿಲ್ಲಂತ ಯಾರ ಹೇಳಿದ್ರು ನಿಮಗ?"

ಮಾಮಾ ನನ್ನ ಕಡೆ ತಿರುಗಲೂ ಇಲ್ಲ. "ಹಿಂಗ, ಯಾರೋ ಅಂದ್ರು," ಎಂದರು.

ಆ "ಯಾರೋ" ಎಂಥ ತಿಳಿಗೇಡಿಯಿರಬಹುದು ಎಂದು ನಾನು ಅಲ್ಲಿಯೇ ನಿಂತು ಯೋಚಿಸಿದ್ದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಒಬ್ಬ ಮನುಷ್ಯ ನನ್ನ ಮರ್ಯಾದೆ ಕಾಯುತ್ತಿದ್ದಾಗ ನಾನು ಅಂಥ ಮಾತು ನಂಬಿದ ಅವನ ದಡ್ಡತನಕ್ಕೆ ಮರುಗುತ್ತಿದ್ದೆ. ಮರೆವು ಎಷ್ಟು ಅನುಕೂಲದ ಜಾಗದಲ್ಲಿ ಬರುತ್ತದೆ, ನೀವೇ ಹೇಳಿ.

ಬಾಣಲೆ ತಿಕ್ಕುತ್ತಿದ್ದಾಗ ಫೋನು ಬಂತು. ಇವತ್ತು ಹಾನಗಲ್ಲಿನಲ್ಲಿ ಸರದಾರನ ಓಟ.

"ಮುಟ್ಟೇನಿ," ಎಂದಳು ಅಕ್ಕ. "ಹೋರಿ ಆರಾಮ ನಿಂತೈತಿ. ಮುಳ್ಳ ಅರ್ಧಾನೂ ಏರಿಲ್ಲ."

"ಮಾಮಾ ಎಲ್ಲಿ?"

"ಅವರು ಬಸ್ಸಿನ್ಯಾಗ ಬರಾಕತ್ತಾರ. ಬಾಜೂಕ ಕುಂತ್ರ 'ಒತ್ತ, ಒತ್ತ' ಅಂತಾರ."

ನಾನು ಬಾಣಲೆ ಕೆಳಗಿಟ್ಟೆ. "ಅಕ್ಕಾ, ಆವಾಗ ಮಾಮಾಗ ಏನೂ ಆಗೂದಿಲ್ಲಂತ ಹೇಳಿದಾಂವ ನಾನ."

ಆ ಕಡೆ ಡೊಳ್ಳಿನ ಸದ್ದು, ಜನರ ಕೇಕೆ. ಅದರ ನಡುವೆ ಅಕ್ಕನ ನಗು.

"ಗೊತ್ತೈತಿ ತಗೋ. ಅದಕ್ಕ ನಿನಗೂ ಬಸ್ಸ. ಲಗೂನ ಬಾ."