ಕೇಳದ ಏಳನೆಯ ಸಪ್ಪಳ

ಜತ್ತದ ಹತ್ತಿರದ ಮುಚ್ಚಂಡಿಯ ಸಿದ್ದಲಿಂಗವ್ವ ಬಾವಿ ಕಡಿಯುವವರ ಮನೆಯ ಮಗಳು. ಕಲ್ಲಿಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಅಪ್ಪ ಮೇಲೆ ಬಂದನೆಂದರೆ, ಸಿಡಿದ ಸಪ್ಪಳ ಎಣಿಸುವುದು ಅವಳ ಕೆಲಸವಾಗಿತ್ತು. ಅವಳಿಲ್ಲದ ಒಂದು ದಿನ ಎಣಿಕೆ ತಪ್ಪಿ, ಸಿಡಿಯದೆ ಉಳಿದಿದ್ದ ಮದ್ದಿಗೆ ಚಿಕ್ಕಪ್ಪ ಎಡಗೈ ಕಳೆದುಕೊಂಡಿದ್ದ.

೧೯೫೨ರ ಬೇಸಿಗೆಯಲ್ಲಿ ಪಡುವಣ ಘಟ್ಟದಲ್ಲಿ ಗುಡ್ಡ ಕೊರೆದು ಮೋಟಾರು ರಸ್ತೆ ಮಾಡುವ ಕೆಲಸ ಶುರುವಾಯಿತು. ಊರಿನ ಹದಿನಾಲ್ಕು ಜನರೊಂದಿಗೆ ಅವಳೂ ಹೋದಳು. ಸುರಂಗದೊಳಗೆ ಸಿಡಿದ ಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಬೇಕು. ಮದ್ದು ಹಾರಿಸುವವನು ಅಸಂಗಿ ಊರಿನ ಬಾದಶಹಾ. ಆಳುಗಳನ್ನು ಕರೆತಂದು ದುಡಿಸುವ ಮುಕಾದಮ ತುಕಾರಾಮನಿಗೆ ಸದಾ ಅವಸರ.

ಒಂದು ಮಧ್ಯಾಹ್ನ ಮದ್ದು ಹಾರಿ ಇನ್ನೂ ಹೊಗೆ ಕರಗಿರಲಿಲ್ಲ, ತುಕಾರಾಮ ಕೂಗಿದ: “ನಡೀರಿ ಒಳಗ, ಲಗೂನ!”

ಸಿದ್ದಲಿಂಗವ್ವ ಸುರಂಗದ ಬಾಯಲ್ಲೇ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತಳು. “ಏಳು ಬತ್ತಿ ಹಚ್ಯಾರ. ಆರ ಸಪ್ಪಳ ಕೇಳ್ಯಾವ. ಒಂದು ಒಳಗ ಐತಿ. ನಾ ಹೋಗಂಗಿಲ್ಲ, ಯಾರನ್ನೂ ಬಿಡಂಗೂ ಇಲ್ಲ.”

“ಎರಡು ಕೂಡಿ ಹಾರಿರಬೇಕು. ಬುಟ್ಟಿ ಹೊರಾಕಿ ನೀ, ಮದ್ದಿನ ಮಾತು ನಿನಗ್ಯಾಕ?”

“ಸಿಡಿದ್ರ ಸಾಯೋರು ನಾವು. ಅದಕ್ಕ!”

ತುಕಾರಾಮ ಬುಟ್ಟಿ ಹಿಡಿದು ಜಗ್ಗಿದ. ಅವಳು ಅಲುಗಲಿಲ್ಲ. ಅವಳ ಊರಿನ ಅಕ್ಕವ್ವ ಬಂದು ಪಕ್ಕದಲ್ಲಿ ಕುಳಿತಳು. ಆಮೇಲೆ ಉಳಿದವರೂ ಕುಳಿತರು. ತಲೆ ತಗ್ಗಿಸಿ ನಿಂತಿದ್ದ ಬಾದಶಹಾ ಆಗ ಬಾಯಿ ಬಿಟ್ಟ: “ಮುಕಾದಮರ, ನನಗೂ ಆರ ಕೇಳ್ಯಾವ್ರಿ. ಹೇಳಾಕ ಅಂಜಿದ್ದೆ. ಹೊಗಿ ಹೋಗ್ಲಿ, ನಾ ಒಬ್ಬನ ನೋಡಿ ಬರ್ತೀನಿ.”

ಒಂದು ತಾಸು ಕಾದು ಅವನು ಬ್ಯಾಟರಿ ಹಿಡಿದು ಒಳಗೆ ಹೋದ. ಎಡಗಡೆಯ ಮೂಲೆಯಲ್ಲಿ, ಕಲ್ಲುಪುಡಿಯ ಅಡಿಯಲ್ಲಿ, ಮದ್ದು ತುಂಬಿದ ತೂತು ಹಾಗೇ ಇತ್ತು. ಬತ್ತಿ ಅರ್ಧಕ್ಕೇ ಆರಿತ್ತು. ಯಾರದಾದರೂ ಹಾರೆ ಅದಕ್ಕೆ ತಾಗಿದ್ದರೆ ಮುಗಿಯುತ್ತಿತ್ತು. ಹೊರಗೆ ಬಂದ ಬಾದಶಹಾನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಬೆರಳೆತ್ತಿ ‘ಒಂದು’ ಎಂದು ತೋರಿಸಿದ.

ಆದರೂ ಕೆಲಸ ನಿಲ್ಲಿಸಿದಳೆಂದು ಸಂಜೆ ತುಕಾರಾಮ ಆಳುಗಳ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದ. ಅವಳು ಗಂಟು ಕಟ್ಟುತ್ತ ಹೇಳಿದಳು: “ಹೆಸರು ಹೊಡೀರಿ. ಎಣಸೋದು ಇವರಿಗೆಲ್ಲಾ ಕಲಿಸೀನಿ, ಅದನ್ನ ಹ್ಯಾಂಗ ಹೊಡೀತೀರಿ?”

ಮರುವರ್ಷ ಜೋಳದ ರಾಶಿ ಮುಗಿದ ಮೇಲೆ ಆಳು ಹುಡುಕಿಕೊಂಡು ಅದೇ ತುಕಾರಾಮ ಮುಚ್ಚಂಡಿಗೆ ಬಂದ. ಕಟ್ಟೆಯ ಮೇಲಿದ್ದವರು ಯಾರೂ ಹೂಂ ಎನ್ನಲಿಲ್ಲ. ಎಲ್ಲರೂ ಸಿದ್ದಲಿಂಗವ್ವನ ಮುಖ ನೋಡಿದರು.

“ಬಾದಶಹಾ ಅಣ್ಣ ಮೊದಲ ನೋಡಿ, ‘ಬರ್ರಿ’ ಅನ್ನೂತನಕ ಒಳಗ ಯಾರೂ ಕಾಲಿಡಂಗಿಲ್ಲ. ಮ್ಯಾಲಿನ ಕಲ್ಲು ಬೀಳದಂಗ ಕಟ್ಟಗಿ ಆಸರಾ ಕೊಡಬೇಕು. ಮತ್ತ ನನ್ನ ಹೆಸರು ಮೊದಲ ಬರೀರಿ.”

“ಊರ ಮುಂದ ನನಗ ಶರತ್ತು ಹಾಕ್ತೀ?”

“ಹಾಕ್ತೀನಿ. ಬ್ಯಾಡಾದ್ರ ಜತ್ತದ ಬಸ್ಸು ಬರೂ ಹೊತ್ತಾತು, ನಡೀರಿ.”

ತುಕಾರಾಮ ರಸ್ತೆಯವರೆಗೆ ಹೋದ. ಬಸ್ಸು ಬಂತು, ಹೋಯಿತು. ಅವನು ತಿರುಗಿ ಬಂದು ಅವಳ ಹೆಸರು ಮೊದಲು ಬರೆದುಕೊಂಡ.

ಆ ಸಲ ಹತ್ತೊಂಬತ್ತು ಜನ ಹೋದರು. ಎರಡು ವರ್ಷ ದುಡಿದರು. ಅಕ್ಕವ್ವನ ಹೆಬ್ಬೆರಳು ಜಜ್ಜಿತು, ಸಿದ್ದಲಿಂಗವ್ವ ಇನ್ನಿಬ್ಬರು ಮುಕಾದಮರ ಜೊತೆ ಜಗಳವಾಡಿದಳು, ಜೀವ ಮಾತ್ರ ಒಂದೂ ಹೋಗಲಿಲ್ಲ. ರಸ್ತೆ ತೆರೆಯುವ ದಿನ ಸಾಹೇಬರ ಮೋಟಾರು ಮೊದಲು ಹೋಗಬೇಕೆಂದು ಕಾವಲುಗಾರ ಇವರನ್ನು ತಡೆದ. “ಕೊರದವರು ನಾವು, ಸರೀ ಅತ್ತಾಗ,” ಎಂದು ಸಿದ್ದಲಿಂಗವ್ವ ಅವನ ಕೋಲು ದೂಡಿ, ಅಕ್ಕವ್ವನ ಕೈ ಹಿಡಿದು ಸುರಂಗದ ಈ ಬಾಯಿಂದ ಆ ಬಾಯಿಗೆ ನಡೆದುಹೋದಳು.