ಮೊದಲ ಡ್ರಮ್ಮಿನ ಗ್ರೌಟು

ಸಿಮೆಂಟಿನ ತುಂಡುಗಳನ್ನು ಒಡೆಯುವುದು ನನ್ನ ಉದ್ಯೋಗ. ಮಂಡ್ಯದ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಯಂತ್ರದ ಬಾಯಿಗೆ ತುಂಡು ಇಟ್ಟು, ಅದು ಎಷ್ಟು ಭಾರಕ್ಕೆ ಬಿರಿಯಿತು ಎಂದು ಬರೆದಿಡುತ್ತೇನೆ. ಒಡೆಯುವುದಕ್ಕೂ ಸಂಬಳ ಕೊಡುತ್ತಾರಾ ಎಂದು ಅಕ್ಕನ ಅತ್ತೆ ಒಮ್ಮೆ ಕೇಳಿದ್ದರು. ಕೊಡುತ್ತಾರೆ.

ಅಕ್ಕನ ಮನೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ನಾಲೆಯ ಕೆಳಗಿನ ಊರಿನಲ್ಲಿದೆ. ನಾಲೆಗೆ ನೀರು ಬಿಟ್ಟಾಗ ಅಲ್ಲಿನ ನೆಲ ಉಬ್ಬುತ್ತದೆ, ನಿಲ್ಲಿಸಿದಾಗ ಕುಗ್ಗುತ್ತದೆ. ನೆಲ ಒಣಗಿದಂತೆ ಚೌಳು ಮೇಲೆದ್ದು ಗೋಡೆಯ ಬುಡ ಬೆಳ್ಳಗಾಗುತ್ತದೆ. ಹೀಗೆ ಅಡುಗೆಮನೆಯ ಒಂದು ಮೂಲೆ ಕುಸಿಯತೊಡಗಿ, ಬಾಗಿಲ ಮೇಲಿನ ಬಿರುಕಿನಲ್ಲಿ ಬೆರಳು ಹೋಗುತ್ತಿತ್ತು. ಅತ್ತೆ ಪಾತ್ರೆ ತೊಳೆದ ನೀರನ್ನು ದಿನಾ ಅದೇ ಮೂಲೆಗೆ ಸುರಿದದ್ದರಿಂದ ಹೀಗಾಯಿತು ಎಂಬುದು ಅಕ್ಕನ ವಾದ. ಅಕ್ಕ ಆ ಮನೆಗೆ ಬಂದ ಮೇಲೆಯೇ ಬಿರುಕು ಬಿಟ್ಟದ್ದು ಎಂಬುದು ಅತ್ತೆಯ ವಾದ. ಒಂದೇ ಒಲೆಯ ಮುಂದೆ ನಿಂತು ಇಬ್ಬರೂ ಭಾವನ ಮೂಲಕ ಮಾತಾಡುತ್ತಿದ್ದರು. ಭಾವ ಗದ್ದೆಗೆ ಹೋಗಿದ್ದರೆ ಮಾತೇ ಇರುತ್ತಿರಲಿಲ್ಲ.

ಗೋಡೆ ಕೆಡವದೆ ಸರಿಮಾಡುವ ದಾರಿ ನನಗೆ ಗೊತ್ತಿತ್ತು. ಪಾಯದ ಪಕ್ಕದಲ್ಲಿ ತೂತು ಕೊರೆದು, ಅಂಬಲಿಯ ಹದಕ್ಕೆ ಕಲಸಿದ ಸಿಮೆಂಟನ್ನು ಪಂಪಿನಿಂದ ಒತ್ತಿ ಕೆಳಗಿನ ಮಣ್ಣಿನ ಸಂದುಗಳಿಗೆ ತುಂಬುವುದು. ಇದಕ್ಕೆ ಗ್ರೌಟು ಎನ್ನುತ್ತಾರೆ. ಬರೀ ಸಿಮೆಂಟಾದರೆ ಚೌಳು ಅದನ್ನು ನಿಧಾನವಾಗಿ ತಿಂದುಹಾಕುತ್ತದೆ. ಸಿಮೆಂಟು ಕಡಿಮೆ ಮಾಡಿ, ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿಯನ್ನೂ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಉಳಿದ ಬೂದಿಯನ್ನೂ ಸೇರಿಸಿದರೆ, ಗಟ್ಟಿಯಾಗುವುದು ತಡ, ಆದರೆ ಚೌಳಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಎಲ್ಲೋ ಸುರಿಯುವ ಬೂದಿಗೂ ಒಂದು ಗತಿ ಕಾಣಿಸಿದಂತಾಗುತ್ತದೆ. ಮನೆಯ ಬುಡಕ್ಕೆ ಬೂದಿಯೇ ಎಂದು ಭಾವ ಎರಡು ವಾರ ಒದ್ದಾಡಿದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ.

"ನಿಲ್ತದೇನೆ?"

ನಮಗಿಂತ ಹೆಚ್ಚು ದಿನ ನಿಲ್ಲುತ್ತದೆ ಎಂದೆ. ಆ ಮಾತಿನ ಮೇಲೆ ಕೆಲಸ ಶುರುವಾಯಿತು.

ಹಿಂದೆ ಆ ಮನೆ ಕಟ್ಟಿದ್ದ ಮೇಸ್ತ್ರಿಯೇ ಕೈಪಂಪು ಹೊತ್ತು ಬಂದರು. ತಲೆ ಪೂರ್ತಿ ನೆರೆತಿತ್ತು, ಕೈ ಮಾತ್ರ ಹಾಗೇ ಇತ್ತು. ನಾನು ಹೇಳಿದ ಅಳತೆಯನ್ನು ಎರಡು ಸಲ ಕೇಳಿಸಿಕೊಂಡು ಡ್ರಮ್ಮಿನಲ್ಲಿ ಕಲಸಿದರು. ಅತ್ತೆ ತಟ್ಟೆಯಲ್ಲಿ ಕಾಯಿ, ಹೂವು, ಎರಡು ಅಚ್ಚು ಬೆಲ್ಲ ಹಿಡಿದು ಬಂದು ಗುಂಡಿ ಎಲ್ಲಿ ಎಂದು ಕೇಳಿದರು. ಪಾಯದ ಕೆಲಸ ಹಿಡಿಯುವ ಮುಂಚೆ ಗುಂಡಿಗೆ ಪೂಜೆ ಮಾಡಿ ಬೆಲ್ಲ ಬಿಡುವುದು ಆ ಮನೆಯ ಪದ್ಧತಿ. ಗುಂಡಿ ಇಲ್ಲ ಎಂದೆ. ಪೈಪು ಇಳಿಸಿದ್ದ, ಮಣಿಕಟ್ಟಿನ ದಪ್ಪದ ತೂತನ್ನು ತೋರಿಸಿದೆ. ಅವರು ಅದನ್ನೇ ನೋಡುತ್ತಾ ನಿಂತರು. ನಾನು ತುಂಡು ಎರಕ ಹೊಯ್ಯುವ ಕಬ್ಬಿಣದ ಪೆಟ್ಟಿಗೆಗಳನ್ನು ಆಟೋದಿಂದ ಇಳಿಸಿಕೊಂಡು ಬರುವಷ್ಟರಲ್ಲಿ ಪೂಜೆ ಮುಗಿದಿತ್ತು.

ಮೊದಲ ಡ್ರಮ್ಮು ಅಡುಗೆಮನೆಯ ಮೂಲೆಗೇ ಹೋಯಿತು. ಪ್ರತಿ ಡ್ರಮ್ಮಿನಿಂದ ಮೂರು ತುಂಡು ಹೊಯ್ದು, ಮಾರನೆಯ ದಿನ ಮಂಡ್ಯಕ್ಕೆ ತಂದೆ. ಮೂರನೆಯ ದಿನ ಉಳಿದ ತುಂಡುಗಳ ಮೇಲೆ ಉಗುರಿನ ಗೆರೆಯೂ ಮೂಡಲಿಲ್ಲ. ಮೊದಲ ಡ್ರಮ್ಮಿನದರೊಳಗೆ ಹೆಬ್ಬೆರಳು ಇಳಿಯಿತು.

ಬೂದಿಯ ಗ್ರೌಟು ನಿಧಾನವೆಂದರೂ ಇಷ್ಟು ನಿಧಾನವಲ್ಲ. ಸಿಮೆಂಟನ್ನು ಹೀಗೆ ಮಲಗಿಸಿಬಿಡುವುದು ಸಿಹಿ. ಒಂದು ಹಿಡಿ ಸಾಕು. ಹಳೆಯ ಮೇಸ್ತ್ರಿಗಳು ಸುಣ್ಣದ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರೆಂಬುದು ನನಗೆ ಗೊತ್ತಿತ್ತು. ಕಣ್ಣೆದುರೇ ಇದ್ದ ತಟ್ಟೆ ನೆನಪಾಗಲಿಲ್ಲ. ನೆತ್ತಿಗೇರಿದ ಸಿಟ್ಟಿನಲ್ಲಿ ಬಸ್ಸು ಹತ್ತಿ, ಆ ಊರಿನ ಟೀ ಅಂಗಡಿಯಲ್ಲಿ ಮೇಸ್ತ್ರಿಯನ್ನು ಹಿಡಿದು, ಗ್ರೌಟಿಗೆ ಬೆಲ್ಲ ಹಾಕಿದ್ದು ನೀವೇ ಎಂದು ಅಲ್ಲಿದ್ದವರೆಲ್ಲರ ಮುಂದೆ ಬಾಯಿಗೆ ಬಂದಂತೆ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಯಾವ ಡ್ರಮ್ಮು ಅಂದ್ರಿ?"

ಮೊದಲನೆಯದು ಎಂದೆ. ಅವರು ಲೋಟ ಕೆಳಗಿಟ್ಟರು.

"ಊಂ ಕಣವ್ವ. ನಾನೇ ಆಕ್ದೆ."

ಅಕ್ಕನಿಗೆ ವಿಷಯ ಮುಟ್ಟಿಸಿದೆ. ಕೊಟ್ಟಿಗೆಯ ನೆಲದ ಕೆಲಸ ಆ ಮೇಸ್ತ್ರಿಗೇ ಎಂದು ಆಗಿದ್ದ ಮಾತನ್ನು ಭಾವ ಮುರಿದರು. ನಾನು ಒಂದು ತಿಂಗಳು ಮೂಲೆ ಬಿದ್ದಿತೋ ಇಲ್ಲವೋ ಎಂದು ದಿನಾ ಫೋನು ಮಾಡಿದೆ. ಬೀಳಲಿಲ್ಲ. ಅಷ್ಟರಲ್ಲಿ ಲ್ಯಾಬಿನ ತೊಟ್ಟಿಯಲ್ಲಿದ್ದ ಆ ಮೂರು ತುಂಡುಗಳೂ ಎಚ್ಚರಗೊಂಡು ಗಟ್ಟಿಯಾದವು. ಒಂದನ್ನು ಯಂತ್ರಕ್ಕಿಟ್ಟೆ. ಉಳಿದ ಡ್ರಮ್ಮುಗಳ ತುಂಡುಗಳಿಗಿಂತ ಹೆಚ್ಚು ಭಾರ ಹೊತ್ತು ಒಡೆಯಿತು. ಸಿಹಿ ಬಿದ್ದ ಸಿಮೆಂಟು ಕೆಲವೊಮ್ಮೆ ಹೀಗೆ ಮಾಡುವುದುಂಟು.

ಈ ಸುದ್ದಿ ಹೇಳಲು ಊರಿಗೆ ಹೋದಾಗ ಅಕ್ಕ ಹಿತ್ತಲಲ್ಲಿದ್ದಳು. ಅತ್ತೆ ಕಾಫಿ ಕೊಟ್ಟು ಪಕ್ಕದಲ್ಲೇ ಕೂತರು. ಮೂಲೆ ನಿಂತಿರುವುದು ಯಾತರಿಂದ ಎಂದು ಅವರಿಗೆ ಆಗಲೇ ತಿಳಿದಿತ್ತು.

"ಗುಂಡಿನೇ ಇಲ್ಲ ಅಂದ್ಯಲ್ಲ ಮಗ. ಬೂತಾಯಿಗೆ ಎಲ್ಲಿ ಕೊಡಾನೆ? ಅದ್ಕೇ ಡ್ರಮ್ಮಿಗೇ ಬುಟ್ಟೆ, ಎರಡಚ್ಚು."

ಕಾಫಿ ಅಲ್ಲೇ ಇಟ್ಟೆ. ಎದ್ದು ನೇರ ಮೇಸ್ತ್ರಿಯ ಮನೆಗೆ ಹೋದೆ. ಅತ್ತೆ ಬೆಲ್ಲ ಬಿಟ್ಟದ್ದನ್ನು ಅವರು ಅವತ್ತೇ ನೋಡಿದ್ದರಂತೆ. ಹಳೆಯ ಗಾರೆಗೆ ತಾವೇ ಹಾಕುತ್ತಿದ್ದುದರಿಂದ ಏನೂ ಆಗದು ಅಂದುಕೊಂಡರಂತೆ. ತಪ್ಪಾಯಿತು ಎಂದೆ. ಈಗಲೇ ಹೋಗಿ ಅಕ್ಕನಿಗೆ ನಿಜ ಹೇಳುತ್ತೇನೆ ಎಂದಾಗ ಅವರು ತಡೆದರು.

"ನನ್ ಎಸ್ರೇ ಇರ್ಲಿ ಬುಡವ್ವ. ನಾನು ಕೆಲ್ಸ ಮುಗುಸ್ಕಂಡು ನಮ್ಮನೆಗೆ ಓಯ್ತೀನಿ. ಅವ್ರಿಬ್ರು ಅಲ್ಲೇ ಇರ್ಬೇಕಲ್ವಾ?"

ನಾನು ಆ ಮನೆಯ ಕೆಳಗಿನ ಮಣ್ಣಿನ ಒಂದೊಂದು ಪದರವನ್ನೂ ಪರೀಕ್ಷೆ ಮಾಡಿದ್ದೆ. ಅದರ ಮೇಲೆ ಬಾಳುವ ಇಬ್ಬರನ್ನು ಮಾಡಿರಲಿಲ್ಲ.

ವಾಪಸು ಬಂದು ಅತ್ತೆಯ ಎದುರೇ ಅಕ್ಕನಿಗೆ ಹೇಳಿದೆ: ಮೇಸ್ತ್ರಿ ಬೆಲ್ಲ ಹಾಕಲೇ ಇಲ್ಲ, ನನ್ನ ಸಿಟ್ಟಿಗೆ ಹೆದರಿ ಒಪ್ಪಿಕೊಂಡರು, ಬೂದಿಯ ಅಳತೆ ತಪ್ಪಿದ್ದು ನನ್ನದು, ಆದರೂ ಮೂಲೆಗೆ ಭಯವಿಲ್ಲ. ಭಾವ ಗದ್ದೆಗೆ ಹೋಗಿದ್ದರು. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅತ್ತೆಯ ಕಡೆಗೆ ನೇರವಾಗಿ ತಿರುಗಿದಳು.

"ನೋಡಿ ಅತ್ತೆ, ಓದ್ದೋರ ಅಣೆಬರ."

ಅತ್ತೆ ಹೌದೆಂದು ತಲೆಯಾಡಿಸಿದರು. ಮೇಸ್ತ್ರಿಯಂಥ ಮನುಷ್ಯನನ್ನು ಊರ ಮುಂದೆ ಅಂದುಬಿಟ್ಟೆನಲ್ಲ ಎಂದು ಇಬ್ಬರೂ ಸೇರಿ ನನ್ನನ್ನು ಸಾಕಷ್ಟು ಹೊತ್ತು ಬೈದರು. ನಾನು ತಣ್ಣಗಾದ ಕಾಫಿ ಕುಡಿದೆ.

ಕೊಟ್ಟಿಗೆಯ ನೆಲಕ್ಕೆ ಅದೇ ಮೇಸ್ತ್ರಿ ಬಂದರು. ನೆಲ ಹಾಕುವುದಕ್ಕೆ ಅಗೆಯುವುದೇನೂ ಇರಲಿಲ್ಲ. ಅತ್ತೆ ತಟ್ಟೆ ಹಿಡಿದು ಹೊರಬರುವ ಮೊದಲೇ ಅವರು ಮೂಲೆಯಲ್ಲಿ ಕೂತು, ಗೇಣುದ್ದದ ಒಂದು ಗುಂಡಿ ತೋಡಿ, ಡ್ರಮ್ಮಿನ ಮೇಲೆ ಗೋಣಿಚೀಲ ಮುಚ್ಚಿದರು.