ಮುತ್ತಜ್ಜನ ಪಿಸ್ತೂಲಿಗೆ ಹೊಸ ಅಕ್ಷರ

ಪಾತ್ರೆ ಅಂಗಡಿಯ ಮೂಲೆಯಲ್ಲಿ ಕೂತು ಲೋಟ ತಟ್ಟೆಗಳ ಮೇಲೆ ಹೆಸರು ಕೊರೆಯುವ ಆ ಮನುಷ್ಯನನ್ನು ಬೀದಿಯವರೆಲ್ಲ ಸೇನಾಪತಿ ಎಂದೇ ಕರೆಯುತ್ತಿದ್ದರು. ಜಿರಳೆ ಕಂಡರೆ ಮಂಚ ಹತ್ತುವ ಪೈಕಿ ಆತ. ಆದರೆ ಮನೆಯ ಗಾಜಿನ ಕಪಾಟಿನಲ್ಲಿ ಒಂದು ಪಿಸ್ತೂಲಿತ್ತಲ್ಲ, ಬಿರುದಿಗೆ ಅಷ್ಟು ಸಾಕಾಯಿತು.

ಅದು ಮುತ್ತಜ್ಜನಿಗೆ ಅವರ ರೆಜಿಮೆಂಟಿನವರು ಗೌರವದಿಂದ ಕೊಟ್ಟದ್ದು. ನಳಿಗೆಯ ಮೇಲೆ ಬಳ್ಳಿಯ ಕೆತ್ತನೆ, ಹಿಡಿಯಲ್ಲಿ ಬೆಳ್ಳಿಯ ತಗಡು, ತಗಡಿನ ಮೇಲೆ ಮುತ್ತಜ್ಜನ ಹೆಸರು ಮತ್ತು ಶೌರ್ಯದ ಹೊಗಳಿಕೆ. ಅಜ್ಜ ಹೇಳುವಾಗ ಮುತ್ತಜ್ಜ ಹೊಳೆಗೆ ಬಿದ್ದ ಒಬ್ಬ ಕ್ಯಾಪ್ಟನ್ನನ್ನು ದಡಕ್ಕೆ ಎಳೆದಿದ್ದ. ಅಪ್ಪನ ಕಾಲಕ್ಕೆ ಇಡೀ ತುಕಡಿಯೇ ಹೊಳೆಗೆ ಬಿತ್ತು. ಸೇನಾಪತಿಯ ಬಾಯಲ್ಲಿ ಹೊಳೆ ಸಮುದ್ರವಾಗಿ, ಮುತ್ತಜ್ಜ ಈಜುತ್ತಲೇ ಗುಂಡು ಹಾರಿಸುತ್ತಿದ್ದ.

"ಅಲ್ಲ ಭಾವ, ನೀರಲ್ಲಿ ಮದ್ದು ನೆನೆಯಲ್ವಾ?" ಎಂದು ಹೆಂಡತಿಯ ತಮ್ಮ ಒಮ್ಮೆ ಕೇಳಿದ್ದ. "ನಿಮ್ಮ ಮುತ್ತಜ್ಜ ಸೈನ್ಯದಲ್ಲಿ ಅಡುಗೆ ಮಾಡ್ಕೊಂಡಿದ್ರು ಅಂತ ಯಾರೋ ಹೇಳಿದ್ರಪ್ಪ."

ಆ ಮಾತು ಸೇನಾಪತಿಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಹಾಗಾಗಿ ಸೈನ್ಯದ ಮ್ಯೂಸಿಯಂನವರು ಹಳೆಯ ವೀರರ ಹೆಸರನ್ನು ಗೋಡೆಯ ಮೇಲೆ ಹಾಕುತ್ತಾರೆ, ಪುರಾವೆ ನೋಡಲು ಅಧಿಕಾರಿ ಮನೆಗೇ ಬರುತ್ತಾರೆ ಎಂದು ತಿಳಿದ ಕೂಡಲೇ ಅವನು ಮೊದಲು ಕರೆದದ್ದು ಭಾವಮೈದನನ್ನು. ಪಿಸ್ತೂಲು ಮನೆಯಲ್ಲೇ ಇರುತ್ತದೆ, ಹೆಸರು ಗೋಡೆಗೆ ಏರುತ್ತದೆ, ಆ ಬಾಯಿಗೆ ಬೀಗ ಬೀಳುತ್ತದೆ. ಅವನಿಗೆ ಇನ್ನೇನೂ ಬೇಕಿರಲಿಲ್ಲ.

ಅಧಿಕಾರಿ ಬರುವ ದಿನ ಬೆಳಿಗ್ಗೆ ಪಿಸ್ತೂಲು ತೆಗೆದು ನೋಡಿದರೆ ತಗಡು ಬೋಳುತಲೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಒಂದಕ್ಷರವೂ ಇರಲಿಲ್ಲ! ಮೂರು ತಲೆಮಾರು ವಾರವಾರವೂ ಭಕ್ತಿಯಿಂದ ಉಜ್ಜಿದ್ದೇ ಉಜ್ಜಿದ್ದು. ಓದುವ ಗೋಜಿಗೆ ಯಾರೂ ಹೋಗಿರಲಿಲ್ಲ, ಬಾಯಿಪಾಠವಾದದ್ದನ್ನು ಓದುವುದೇಕೆ? ಶತ್ರುಗಳ ಕೈಲಿ ಆಗದ್ದನ್ನು ಮಕ್ಕಳು ಮರಿಮಕ್ಕಳು ಬಟ್ಟೆಯ ಚೂರಿನಿಂದ ಮಾಡಿ ಮುಗಿಸಿದ್ದರು.

"ಇದ್ದದ್ದು ಇದ್ದ ಹಾಗೆ ಹೇಳ್ಬಿಡ್ರೀ," ಎಂದಳು ಹೆಂಡತಿ.

"ಉಜ್ಜಿ ಉಜ್ಜಿ ಅಳಿಸಿದ್ವಿ ಅಂತಾನಾ? ನಿನ್ನ ತಮ್ಮ ಊರಿಗೆಲ್ಲಾ ಡಂಗುರ ಹೊಡೀತಾನೆ!"

ಪಿಸ್ತೂಲನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಓಡಿದ. ಹೆಸರು ಕೊರೆಯುವುದೇ ಕಸುಬಾದವನಿಗೆ ಹೆಸರಿಗೇನು ಬರ? ಕೊರೆಯುವ ಸೂಜಿ ಗುರ್ರೆಂದಿತು. ಕೈ ಅದರ ಪಾಡಿಗೆ ಓಡಿತು. ಹೊಸ ಅಕ್ಷರಕ್ಕೆ ಟೀ ಚರಟ ತಿಕ್ಕಿ ಹಳೆಯ ಕಳೆ ತಂದ. ಮುತ್ತಜ್ಜನ ಹೆಸರಿನ ಕಾಗುಣಿತ ಸರಿಯಿದೆಯೇ ಎಂದಷ್ಟು ನೋಡಿ, ಅಧಿಕಾರಿಯ ಜೀಪಿಗಿಂತ ಒಂದು ಹೆಜ್ಜೆ ಮೊದಲು ಮನೆ ಸೇರಿದ.

ಅಧಿಕಾರಿ ಭೂತಗನ್ನಡಿ ಹಿಡಿದು, ಭಾವಮೈದನೂ ಸೇರಿದಂತೆ ಎಲ್ಲರಿಗೂ ಕೇಳುವ ಹಾಗೆ ಮೇಲಿನ ಸಾಲಿನಲ್ಲಿದ್ದ ರೆಜಿಮೆಂಟಿನ ಹೆಸರು ಓದಿದರು. ಕೆಳಗೆ ಮುತ್ತಜ್ಜನ ಹೆಸರು ಓದಿದರು. ಕೊನೆಗೆ, "ಇವರ ಪ್ರೀತಿಪೂರ್ವಕ ಕೊಡುಗೆ" ಎಂದರು.

ಸೇನಾಪತಿ ಬಗ್ಗಿ ತಗಡು ನೋಡಿದ. ಪಾತ್ರೆಯ ಮೇಲೆ ಪಡೆದವನನ್ನು ಹೊಗಳಿ ಯಾರು ಕೊರೆಸುತ್ತಾರೆ? ಕೊರೆಸುವವನು ಕೊಡುವವನು, ಹೆಸರೂ ಅವನದೇ. ಜೀವಮಾನವಿಡೀ ಅದನ್ನೇ ಕೊರೆದ ಕೈ ಇಲ್ಲೂ ಯಜಮಾನನನ್ನು ಒಂದು ಮಾತು ಕೇಳದೆ ಅದೇ ಸಾಲು ಎಳೆದಿತ್ತು.

"ಅಂದ್ರೆ ಇದು ನಿಮ್ಮ ಮುತ್ತಜ್ಜ ರೆಜಿಮೆಂಟಿಗೆ ಕೊಟ್ಟಿದ್ದು," ಎಂದರು ಅಧಿಕಾರಿ. "ನಿಮ್ಮನೇಲಿ ಯಾಕಿದೆ?"

"ಅದು... ಜೋಪಾನ ಮಾಡೋಕೆ ಸಾರ್..."

"ಸಂತೋಷ. ಇನ್ಮೇಲೆ ನಾವೇ ಜೋಪಾನ ಮಾಡ್ತೀವಿ. ಗೋಡೆ ಮೇಲೆ ದಾನಿಗಳ ಸಾಲಲ್ಲಿ ಅವರ ಹೆಸರು ಬರುತ್ತೆ."

ನಿಜ ಹೇಳಿದರೆ ಪಿಸ್ತೂಲು ಉಳಿಯುತ್ತಿತ್ತು, ಮಾನ ಹೋಗುತ್ತಿತ್ತು. ಬಾಯಲ್ಲಿ ಬಿಸಿತುಪ್ಪ. "ಹೇಳ್ರೀ," ಎಂದು ಹೆಂಡತಿ ಪಿಸುಗುಟ್ಟಿದಳು. ಅವನು ಬಾಯಿ ತೆರೆದೇಬಿಟ್ಟಿದ್ದ. ಅಷ್ಟರಲ್ಲಿ ಭಾವಮೈದ ಎದ್ದು ನಿಂತು ಕೈಮುಗಿದ.

"ತಪ್ಪಾಯ್ತು ಭಾವ. ನಿಮ್ಮದು ಇಷ್ಟು ದೊಡ್ಡ ಮನಸ್ಸಿನ ಮನೆತನ ಅಂತ ನಂಗೆ ಗೊತ್ತಿರ್ಲಿಲ್ಲ."

ಸೇನಾಪತಿ ಬಾಯಿ ಮುಚ್ಚಿದ. ತಾನೇ ಪಿಸ್ತೂಲನ್ನು ಅಧಿಕಾರಿಯ ಕೈಗಿಟ್ಟ. ತಡೆಯಲಾರದೆ ಕಣ್ಣಲ್ಲಿ ನೀರು ಇಳಿಯಿತು.

"ದೇಶಭಕ್ತಿ ಅಂದ್ರೆ ಇದಪ್ಪಾ!" ಎಂದು ಅಧಿಕಾರಿ ಬೆನ್ನು ತಟ್ಟಿದರು. ಅವನು ಇನ್ನಷ್ಟು ಜೋರಾಗಿ ಅತ್ತ.